ಅಪ್ಪನ ಕಿವಿ, ನನ್ನ ರಾಕ್ ಹಾಡುಗಳು

ನನ್ನ ಫೋನಿನಲ್ಲಿ ‘ಊರು’ ಅಂತ ಒಂದು ಪ್ಲೇಲಿಸ್ಟ್ ಇದೆ. ಹೆಸರು ನೋಡಿ ಭಾವಗೀತೆ, ಜಾನಪದ ಇರಬೇಕು ಅಂದುಕೊಂಡು ಯಾರಾದರೂ ಒತ್ತಿದರೆ ಮೊದಲು ಬರುವುದು ನಿರ್ವಾಣ. ಆಮೇಲೆ ರೇಡಿಯೋಹೆಡ್, ಸ್ವರಾತ್ಮ, ರಘು ದೀಕ್ಷಿತ್. ಆಫೀಸಿನಲ್ಲಿ ಪಕ್ಕದ ಸೀಟಿನವಳು ಒಮ್ಮೆ ಕೇಳಿದಳು, ‘ಇದರಲ್ಲಿ ಊರು ಎಲ್ಲಿದೆ ಮಾರಾಯ್ತಿ?’ ಮೀಟಿಂಗಿಗೆ ಎರಡು ನಿಮಿಷ ಇತ್ತು, ಹೇಳೋಕಾಗಲಿಲ್ಲ. ಎರಡು ನಿಮಿಷದಲ್ಲಿ ಹೇಳುವ ಮಾತೂ ಅಲ್ಲ ಅದು.

ನಮ್ಮದು ರಾಮದುರ್ಗ. ಬೆಳಗಾವಿ ಜಿಲ್ಲೆಯ ಒಂದು ತುದಿ, ಮಲಪ್ರಭೆಯ ದಂಡೆ, ನೇಕಾರರ ಓಣಿ. ಅಜ್ಜನ ಕಾಲಕ್ಕೆ ಮನೆಯಲ್ಲೇ ಕುಣಿ ಮಗ್ಗ ಇತ್ತು. ಅಪ್ಪ ಮೂವತ್ತು ವರ್ಷ ಬೇರೆಯವರ ಶೆಡ್ಡಿನಲ್ಲಿ ಪವರ್‌ಲೂಮ್ ನಡೆಸಿದ. ಅವ್ವ ಮನೆಯಲ್ಲಿ ಕಂಡಿಕೆ ಸುತ್ತಿದಳು. ಕರೆಂಟು ಇರುವಷ್ಟು ಹೊತ್ತು ಓಣಿಯಲ್ಲಿ ಖಟಕ್-ಖಟಕ್ ನಿಲ್ಲುತ್ತಿರಲಿಲ್ಲ. ಕರೆಂಟು ಹೋದರೆ ತೊಟ್ಟಿಲಲ್ಲಿದ್ದ ಕೂಸುಗಳು ಬೆಚ್ಚಿಬಿದ್ದು ಎದ್ದು ಅಳುತ್ತಿದ್ದವು ಅಂತ ಅವ್ವ ಹೇಳುತ್ತಾಳೆ. ಆ ಕೂಸುಗಳಲ್ಲಿ ನಾನೂ ಒಬ್ಬಳು. ಹಾಗಾಗಿ ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ ಮೊದಲ ಸಲ ಡಿಸ್ಟಾರ್ಷನ್ ಗಿಟಾರ್ ಕೇಳಿದಾಗ ಉಳಿದ ಹುಡುಗಿಯರು ಕಿವಿ ಮುಚ್ಚಿಕೊಂಡರು, ನನಗೆ ನಿದ್ದೆ ಬಂತು. ಸುಳ್ಳಲ್ಲ.

ಅದು 2013. ಖಾನಾಪುರದ ಕಡೆಯ ರೂಮ್‌ಮೇಟ್ ಒಬ್ಬಳ ಪೆನ್‌ಡ್ರೈವ್‌ನಲ್ಲಿ ನಿರ್ವಾಣ ತಂಡದ ‘ಅನ್‌ಪ್ಲಗ್ಡ್’ ಕಾರ್ಯಕ್ರಮ ಇತ್ತು. 1993ರ ನವೆಂಬರ್ 18ರಂದು ನ್ಯೂಯಾರ್ಕಿನಲ್ಲಿ ಚಿತ್ರೀಕರಿಸಿದ್ದು. ಗದ್ದಲಕ್ಕೇ ಹೆಸರಾದ ತಂಡ ಅವತ್ತು ಮೆತ್ತಗೆ ಕೂತು ಬಾರಿಸಿತು. ಕರ್ಟ್ ಕೋಬೇನ್ ಕೊನೆಗೆ ಹಾಡಿದ್ದು ತನ್ನ ಹಾಡನ್ನಲ್ಲ. ‘ವೇರ್ ಡಿಡ್ ಯೂ ಸ್ಲೀಪ್ ಲಾಸ್ಟ್ ನೈಟ್’ ಅಂತ ಅಮೆರಿಕದ ಹಳ್ಳಿಗಾಡಿನ ಹಳೇ ಪದ. ಅದನ್ನು ಲೆಡ್ ಬೆಲ್ಲಿ ಎಂಬ ಕಪ್ಪು ಗಾಯಕ ದಶಕಗಳ ಹಿಂದೆ ಹಾಡಿ ಬೆಳೆಸಿದ್ದ. ಯಾರು ಬರೆದದ್ದು ಅಂತ ಗೊತ್ತಿಲ್ಲದ, ಬಾಯಿಂದ ಬಾಯಿಗೆ ಬಂದ ಪದ. ಒಬ್ಬ ಹೆಣ್ಣುಮಗಳು, ಒಂದು ರಾತ್ರಿ, ಒಂದು ಕಾಡು, ಭೀಕರವಾಗಿ ಸತ್ತ ಗಂಡ. ಏನಾಯಿತು ಅಂತ ಪೂರ್ತಿ ಹೇಳುವುದೇ ಇಲ್ಲ. ಕೊನೆಯ ಭಾಗಕ್ಕೆ ಬಂದಾಗ ಕೋಬೇನ್ ಒಂದು ಸ್ಥಾಯಿ ಮೇಲೇರಿ ಕೂಗುತ್ತಾನೆ. ಮಧ್ಯೆ ಒಂದು ಕ್ಷಣ ನಿಂತು, ಉಸಿರೆಳೆದು, ಕಣ್ಣು ತೆರೆಯುತ್ತಾನೆ. ಐದು ತಿಂಗಳೂ ತುಂಬುವ ಮೊದಲೇ, 27ನೇ ವಯಸ್ಸಿಗೆ, ಅವನು ಇರಲಿಲ್ಲ.

ದೀಪಾವಳಿ ರಜೆಗೆ ಊರಿಗೆ ಹೋದಾಗ ಇದನ್ನು ಮನೆಯಲ್ಲಿ ಹಚ್ಚಿದೆ. ಅಪ್ಪ ಊಟಕ್ಕೆ ಕೂತಿದ್ದ. ಕೂಗು ಬಂದ ಕಡೆ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳಿದ:

‘ಹೊಟ್ಟಿ ಬ್ಯಾನಿ ಐತೇನವಾ ಅವಂಗ?’

ನಾನು, ಅವ್ವ, ತಮ್ಮ ಎಲ್ಲರೂ ನಕ್ಕೆವು. ಹಾಸ್ಟೆಲಿಗೆ ವಾಪಸ್ ಬಂದ ಮೇಲೆ ಓದಿದೆ. ಕೋಬೇನ್‌ಗೆ ವರ್ಷಗಟ್ಟಲೆ ಹೊಟ್ಟೆನೋವು ನಿಜವಾಗಿಯೂ ಇತ್ತು. ವೈದ್ಯರಿಗೆ ಕಾರಣ ಸಿಗದೆ ಅವನು ಒದ್ದಾಡಿದ್ದ. ಇಂಗ್ಲಿಷಿನ ಒಂದಕ್ಷರ ತಿಳಿಯದ ಅಪ್ಪನಿಗೆ ಅದು ಹೇಗೆ ಕೇಳಿಸಿತೋ.

ಈ ಪದ ನನಗೆ ಹೊಸದು ಅನ್ನಿಸದೇ ಇರೋಕೆ ಇನ್ನೊಂದು ಕಾರಣ ನಮ್ಮ ಮಾಮಾ. ಅವ್ವನ ತವರು ಬೈಲಹೊಂಗಲ. ಮಾಮಾ ಅಲ್ಲಿ ಹತ್ತಿ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ. ರಾತ್ರಿ ಅವನ ಬಾಯಲ್ಲಿ ‘ಸಂಗ್ಯಾ ಬಾಳ್ಯಾ’ ಬಿಟ್ಟು ಬೇರೆ ಇರುತ್ತಿರಲಿಲ್ಲ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಇದು ನಮ್ಮ ಕಡೆಯ ಸಣ್ಣಾಟ, ಬೈಲಹೊಂಗಲದಲ್ಲೇ ನಡೆದ ಕೊಲೆಯೊಂದರ ಮೇಲೆ ಕಟ್ಟಿದ್ದು ಅಂತ ಮಾತು. ಸಂಗ್ಯಾ ಅನುಕೂಲಸ್ಥರ ಮನೆ ಹುಡುಗ, ಬಾಳ್ಯಾ ಅವನ ಜೀವದ ಗೆಳೆಯ. ಸಂಗ್ಯಾ ಮದುವೆಯಾದ ಗಂಗಿಯ ಮೇಲೆ ಮನಸ್ಸಿಡುತ್ತಾನೆ. ಕೊನೆಗೆ ಅವನನ್ನು ಕೊಲ್ಲುವ ಜಾಗಕ್ಕೆ ಕರೆತಂದು ಒಪ್ಪಿಸುವವನು ಅದೇ ಗೆಳೆಯ. ಚಂದ್ರಶೇಖರ ಕಂಬಾರರು ಈ ಆಟವನ್ನು ಸಂಪಾದಿಸಿ ಪುಸ್ತಕ ಮಾಡಿದ ಮೇಲೆ ಬೆಂಗಳೂರಿನ ರಂಗಮಂದಿರಗಳಿಗೂ ಬಂತು. ಆದರೆ ನಾನು ಕೇಳಿದ್ದು ಮಾಳಿಗೆ ಮೇಲೆ ಹಾಸಿಗೆ ಹಾಸಿಕೊಂಡು, ಮಾಮಾನ ಒಡಕು ದನಿಯಲ್ಲಿ. ಸಂಗ್ಯಾನ ಕೊಲೆಯ ಹೊತ್ತಿಗೆ ಅವನು ದನಿ ಇಳಿಸುತ್ತಿದ್ದ, ಏರಿಸುತ್ತಿರಲಿಲ್ಲ. ‘ಸಾಯೋ ಮನಷ್ಯಾ ಒದರೂದಿಲ್ಲ, ಅಂವ ಗೆಳ್ಯಾನ ಮಾರಿ ನೋಡ್ತಾನ’ ಅನ್ನುತ್ತಿದ್ದ.

1996ರಲ್ಲಿ ನಿಕ್ ಕೇವ್ ಎಂಬ ಆಸ್ಟ್ರೇಲಿಯಾದ ಗಾಯಕ ‘ಮರ್ಡರ್ ಬ್ಯಾಲಡ್ಸ್’ ಅಂತ ಇಡೀ ಆಲ್ಬಮ್ಮೇ ತಂದ, ಬರೀ ಕೊಲೆಯ ಹಾಡುಗಳದ್ದು. ಪರ್ಯಾಯ ರಾಕ್ ಕೇಳುವವರು ಅದನ್ನು ದೊಡ್ಡ ಸಾಹಸ ಅಂತ ಹೊಗಳುತ್ತಾರೆ. ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ಬೈಲಹೊಂಗಲದ ಮಂದಿ ರಾತ್ರಿಯಿಡೀ ಚಾಪೆ ಹಾಸಿಕೊಂಡು ಕೂತು ಒಂದೇ ಕೊಲೆಯನ್ನು ತಲೆಮಾರುಗಟ್ಟಲೆ ಕೇಳುತ್ತಾ ಬಂದಿದ್ದಾರೆ. ನಿಕ್ ಕೇವ್‌ಗೆ ಯಾರಾದರೂ ಹೇಳಬೇಕು.

2013ರಲ್ಲೇ ರಘು ದೀಕ್ಷಿತ್ ಅವರ ‘ಜಗ್ ಚಂಗಾ’ ಬಂತು. ಅವರ ಮೊದಲ ಆಲ್ಬಮ್ 2008ರದ್ದು. ಎರಡರಲ್ಲೂ ಶಿಶುನಾಳ ಶರೀಫರ ಪದಗಳಿವೆ. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಹಿಂದೆ ಡ್ರಮ್ಸ್, ಬೇಸ್, ಪಿಟೀಲು ಇಟ್ಟುಕೊಂಡು ಆ ಮನುಷ್ಯ ಶರೀಫರನ್ನು ಇಂಗ್ಲೆಂಡಿನ ಗ್ಲಾಸ್ಟನ್‌ಬರಿವರೆಗೆ ಒಯ್ದರು. ನನಗೆ ‘ಗುಡುಗುಡಿಯ ಸೇದಿ ನೋಡೋ’ ಇವತ್ತಿಗೂ ಇಷ್ಟ. ‘ಕೋಡಗನ ಕೋಳಿ ನುಂಗಿತ್ತ’ ಮಾತ್ರ ಕಾಲೇಜು ಫೆಸ್ಟುಗಳಲ್ಲಿ ಎಷ್ಟು ಸಲ ಕೇಳಿದ್ದೇನೆಂದರೆ ಆ ಕೋಳಿಗೇ ಸುಸ್ತಾಗಿರಬೇಕು.

ಅಪ್ಪನಿಗೆ ಇದು ಒಪ್ಪಿಗೆಯಾಗಲಿಲ್ಲ. ಇದಕ್ಕೆ ಅವನಿಗೆ ಅಧಿಕಾರವೂ ಇತ್ತು. ಸೋಮವಾರ ರಾತ್ರಿ ನಮ್ಮ ಓಣಿಯ ಗುಡಿಯಲ್ಲಿ ಭಜನೆ, ಅಪ್ಪ ಮುಂದಾಳು. ಏಕತಾರಿ, ದಮ್ಮಡಿ, ತಾಳ, ಒಂದು ಹಳೇ ಹಾರ್ಮೋನಿಯಂ. ಶೆಡ್ಡಿನಿಂದ ಬಂದು, ಕೈಕಾಲು ತೊಳೆದು, ಒಂದು ಕಪ್ಪು ಚಹಾ ಕುಡಿದು ಹೋದರೆ ಹನ್ನೆರಡರ ತನಕ ಶರೀಫರು, ನಾಗಲಿಂಗಜ್ಜ, ಕಡಕೋಳ ಮಡಿವಾಳಪ್ಪ. ಇಯರ್‌ಫೋನಿನಲ್ಲಿ ‘ಲೋಕದ ಕಾಳಜಿ’ ಪೂರ್ತಿ ಕೇಳಿ ಅಪ್ಪ ಹೇಳಿದ್ದು ಇಷ್ಟು:

‘ಛಲೋ ಹಾಡ್ಯಾನ. ಆದ್ರ ಭಜನ್ಯಾಗ ಒಬ್ಬಂವ ಅಂದಿದ್ದನ್ನ ಹತ್ತು ಮಂದಿ ತಿರುಗಿ ಅಂತಾರ. ಆ ಹತ್ತು ಮಂದಿ ಅನ್ನೂವಾಗ ಮೊದಲ್ನಾಂವಗ ಅರ್ಥ ಹೊಳಿತೈತಿ. ಇಂವಾ ಹೊಳ್ಯಾಕ ಟೈಮ ಕೊಡವಲ್ಲ.’

ಕಾಲ್ ಅಂಡ್ ರೆಸ್ಪಾನ್ಸ್ ಅಂತ ನಾನು ಬ್ಲೂಸ್ ಬಗ್ಗೆ ಓದುವಾಗ ಕಲಿತದ್ದು ಇದೇ. ಯಾಕೆ ಹಾಗೆ ಮಾಡುತ್ತಾರೆ ಅಂತ ಇಷ್ಟು ಸರಳವಾಗಿ ಯಾವ ಲೇಖನದಲ್ಲೂ ಇರಲಿಲ್ಲ.

ಆಮೇಲೆ ಕ್ಯಾಂಪಸ್, ಕೆಲಸ, ಬೆಂಗಳೂರು, ಬೆಳ್ಳಂದೂರಿನ ಪಿಜಿ. ಆ ಭಾಗ ನಿಮಗೆಲ್ಲ ಗೊತ್ತಿರುವುದೇ, ಬಿಡಿ.

2019ರ ಆಗಸ್ಟ್‌ಗೆ ಬರುತ್ತೇನೆ. ಮಲಪ್ರಭೆಗೆ ಸವದತ್ತಿ ತಾಲೂಕಿನ ನವಿಲುತೀರ್ಥದಲ್ಲಿ ಅಣೆಕಟ್ಟು. ಅದರ ಕೆಳಗೆ ನಾವು. ಎಷ್ಟೋ ವರ್ಷ ಆ ಅಣೆಕಟ್ಟು ತುಂಬುತ್ತಲೇ ಇರಲಿಲ್ಲ. ನದಿಗೆ ನೀರು ಬೇಕು ಅಂತಲೇ ನಮ್ಮ ಭಾಗದವರು ಕಳಸಾ-ಬಂಡೂರಿ ಹೋರಾಟದಲ್ಲಿ ರಸ್ತೆಗಿಳಿದಿದ್ದರು. ಆ ಆಗಸ್ಟಿನಲ್ಲಿ ಪಶ್ಚಿಮ ಘಟ್ಟದಲ್ಲಿ ಎಡೆಬಿಡದ ಮಳೆ, ಅಣೆಕಟ್ಟು ತುಂಬಿ ಹೊರಬಿಟ್ಟ ನೀರು ಸೀದಾ ರಾಮದುರ್ಗಕ್ಕೆ ಬಂತು. ನಾನು ಆಫೀಸಿನಲ್ಲಿ. ತಮ್ಮ ವಾಟ್ಸಾಪಿಗೆ ವಿಡಿಯೋ ಕಳಿಸುತ್ತಿದ್ದ. ಮೊದಲನೆಯದರಲ್ಲಿ ನೀರು ಓಣಿಯ ಬಾಯಿಯಲ್ಲಿ. ಎರಡನೆಯದರಲ್ಲಿ ಗುಡಿಯ ಮೆಟ್ಟಿಲು ಇಲ್ಲ. ಮೂರನೆಯದರಲ್ಲಿ ಅಪ್ಪ ತಲೆಯ ಮೇಲೆ ಹಾರ್ಮೋನಿಯಂ ಹೊತ್ತು ಎದೆಮಟ್ಟದ ನೀರಿನಲ್ಲಿ ಬರುತ್ತಿದ್ದಾನೆ. ಆಮೇಲೆ ನೆಟ್‌ವರ್ಕ್ ಹೋಯಿತು. ಹದಿನೆಂಟು ತಾಸು.

ಆ ರಾತ್ರಿ ನಾನು ಕೇಳಿದ್ದು ಒಂದೇ ಹಾಡು. ರೇಡಿಯೋಹೆಡ್‌ನ ‘ನೋ ಸರ್‌ಪ್ರೈಸಸ್’. 1997ರ ‘ಓಕೆ ಕಂಪ್ಯೂಟರ್’ ಆಲ್ಬಮ್ಮಿನದು. ಮಕ್ಕಳ ಆಟಿಕೆಯಂಥ ಟಿಣ್‌ಟಿಣ್ ಸದ್ದು, ಅದರ ಕೆಳಗೆ ಕೆಲಸಕ್ಕೆ ಹೋಗಿ ಬಂದು ಸವೆದವನೊಬ್ಬನ ಸುಸ್ತಾದ ದನಿ. ಐಟಿಯವರ ಲಾಲಿ ಅಂತ ನಾವು ತಮಾಷೆ ಮಾಡುತ್ತಿದ್ದೆವು. ಅದರ ವಿಡಿಯೋದಲ್ಲಿ ಗಾಯಕ ಥಾಮ್ ಯಾರ್ಕ್‌ನ ತಲೆ ಒಂದು ಗಾಜಿನ ಬುರುಡೆಯೊಳಗೆ. ಹಾಡುತ್ತಿರುವಾಗಲೇ ನೀರು ಏರುತ್ತದೆ. ಗದ್ದ, ಬಾಯಿ, ಮೂಗು. ಹಾಡು ನಿಲ್ಲುತ್ತದೆ. ಮುಖ ಪೂರ್ತಿ ಮುಳುಗಿ, ಹತ್ತಿರ ಹತ್ತಿರ ಒಂದು ನಿಮಿಷ ಆದ ಮೇಲೆ ನೀರು ಇಳಿಯುತ್ತದೆ, ಮತ್ತೆ ಹಾಡುತ್ತಾನೆ. ಕಾಲೇಜಿನಲ್ಲಿ ಅದನ್ನು ನೋಡಿ ‘ಎಂಥಾ ಕಾನ್ಸೆಪ್ಟ್’ ಅಂದಿದ್ದೆವು. ಆ ರಾತ್ರಿ ನನಗೆ ಬೇಕಿದ್ದದ್ದು ನೀರು ಇಳಿಯುವ ಆ ಒಂದು ಜಾಗ. ಅಷ್ಟನ್ನೇ ಮತ್ತೆ ಮತ್ತೆ ನೋಡಿದೆ.

ಮಾರನೇ ದಿನ ಮಧ್ಯಾಹ್ನ ಬೇರೆ ಯಾರದೋ ನಂಬರಿನಿಂದ ಫೋನ್ ಬಂತು. ಎಲ್ಲರೂ ಶಾಲೆಯೊಂದರಲ್ಲಿದ್ದರು. ‘ಅಕ್ಕಾ, ಎಲ್ಲಾರೂ ಅದೇವಿ’ ಅಂದ ತಮ್ಮ. ಅಷ್ಟು ಸಾಕಾಗಿತ್ತು.

ಆ ದಿನಗಳ ನಂತರ ಪ್ಲೇಲಿಸ್ಟಿಗೆ ಸ್ವರಾತ್ಮ ಸೇರಿತು. ರಘು ದೀಕ್ಷಿತರ ತಮ್ಮ ವಾಸು ದೀಕ್ಷಿತ್ ಹಾಡುವ ಬೆಂಗಳೂರಿನ ತಂಡ. ವೇದಿಕೆಗೆ ಕೀಲುಕುದುರೆ ಕಟ್ಟಿಕೊಂಡು ಬರುತ್ತಾರಲ್ಲ, ಅವರೇ. 2009ರ ಅವರ ಮೊದಲ ಆಲ್ಬಮ್ಮಿನಲ್ಲಿ ‘ಪ್ಯಾಸಿ’ ಅಂತ ಹಿಂದಿ ಹಾಡಿದೆ. ಕಾವೇರಿ ಜಗಳದ ಹಾಡು, ಆದರೆ ಮಾತಾಡುವುದು ನದಿ. ಮಲಪ್ರಭೆಗೆ ಇಂಥ ಒಂದು ಹಾಡು ಯಾರಾದರೂ ಬರೆಯಲಿ ಅಂತ ಆಸೆ. ಅವಳಿಗೆ ಹೇಳಲು ಎರಡೂ ಇದೆ, ಬತ್ತಿದ್ದೂ ಉಕ್ಕಿದ್ದೂ.

ಶೆಡ್ಡಿನ ಮಗ್ಗಗಳು ನಾಲ್ಕು ದಿನ ನೀರಿನಲ್ಲಿದ್ದವು. ಮಾಲೀಕರು ಕೆಲವನ್ನು ರಿಪೇರಿ ಮಾಡಿಸಿದರು, ಉಳಿದವನ್ನು ಗುಜರಿಗೆ ಹಾಕಿದರು. ಅಪ್ಪನಿಗೆ ಆಗ ಐವತ್ತಾರು. ನನಗೆ ಸಂಬಳ ಬರುತ್ತಿತ್ತು, ಇನ್ನು ಸಾಕು ಅಂದೆ. ಅವನೂ ಸಾಕು ಅಂದ. ಓಣಿ ತಣ್ಣಗಾಯಿತು.

ಎರಡು ವರ್ಷ ಕಳೆದ ಮೇಲೆ ಅವ್ವ ಫೋನಿನಲ್ಲಿ ಹೇಳಿದಳು, ‘ನಿಮ್ಮಪ್ಪ ಭಜನಿಗೆ ಹೋಗೂದು ಬಿಟ್ಟಾನ’. ಕೇಳಿದರೆ ಗಂಟಲು ಸರಿ ಇಲ್ಲ ಅಂದ. ಗಂಟಲಿಗೆ ಏನೂ ಆಗಿರಲಿಲ್ಲ. ಒಂದು ಸೋಮವಾರ ಅಪ್ಪ ಶ್ರುತಿ ಬಿಟ್ಟು ಹಾಡಿದ್ದ. ಹಾರ್ಮೋನಿಯಂನವರು ಎರಡು ಸಲ ತಿದ್ದಿದರು, ಅದೂ ಕೇಳಿಸಲಿಲ್ಲ. ಹಿಂದೆ ಕೂತ ಹುಡುಗರು ನಕ್ಕರು. ಆ ನಗು ಮಾತ್ರ ಕಣ್ಣಿಗೆ ಕಂಡಿತು.

ಧಾರವಾಡಕ್ಕೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದೆ. ಆಡಿಯೋಗ್ರಾಮ್ ಅಂತ ಒಂದು ಗ್ರಾಫ್ ಕೊಡುತ್ತಾರೆ. ಎಡಗಡೆಯಿಂದ ಬಲಗಡೆಗೆ ಕೆಳಗಿನ ಸ್ವರದಿಂದ ಮೇಲಿನ ಸ್ವರ, ಮೇಲಿನಿಂದ ಕೆಳಗೆ ಎಷ್ಟು ಜೋರಾಗಿದ್ದರೆ ಕೇಳಿಸುತ್ತದೆ ಅನ್ನುವ ಲೆಕ್ಕ. ಅಪ್ಪನ ಗೆರೆ ಎಡಭಾಗದಲ್ಲಿ ಪರವಾಗಿಲ್ಲ, ಬಲಕ್ಕೆ ಹೋದಂತೆ ಹೊಂಡಕ್ಕೆ ಬೀಳುತ್ತದೆ. 4000 ಹರ್ಟ್ಸ್ ಹತ್ತಿರ ಅತಿ ಆಳ. ಗದ್ದಲದಲ್ಲಿ ಕೆಲಸ ಮಾಡಿದವರ ಕಿವಿ ಮೊದಲು ಸೋಲುವುದೇ ಆ ಜಾಗದಲ್ಲಂತೆ. ದಿನಕ್ಕೆ 8 ತಾಸು 85 ಡೆಸಿಬಲ್‌ಗಿಂತ ಹೆಚ್ಚಿನ ಸದ್ದು ಕಿವಿಗೆ ಅಪಾಯ. ಪವರ್‌ಲೂಮ್ ಶೆಡ್ಡಿನಲ್ಲಿ 90 ದಾಟುವುದು ಸಾಮಾನ್ಯ. ಒಳಗಿವಿಯ ಸೂಕ್ಷ್ಮ ಕೂದಲಿನಂಥ ಜೀವಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಸ್ವರಾಕ್ಷರಗಳು ಕೆಳಗಿನ ಸ್ಥಾಯಿಯವು, ಕೇಳಿಸುತ್ತವೆ. ಸ, ಶ, ತ, ಕ ಇಂಥವು ಮೇಲಿನವು, ಮಂಕಾಗುತ್ತವೆ. ಅಂದರೆ ಯಾರೋ ಮಾತಾಡುತ್ತಿದ್ದಾರೆ ಅಂತ ಗೊತ್ತಾಗುತ್ತದೆ, ಏನು ಅಂತ ಗೊತ್ತಾಗುವುದಿಲ್ಲ.

ಬಸ್ಸಿನಲ್ಲಿ ವಾಪಸ್ ಬರುವಾಗ ಅಪ್ಪ ಹೇಳಿದ, ‘ಶೆಡ್ ಬಂದ್ ಆತು ಖರೆ. ಮಗ್ಗ ನಿಂತಿಲ್ಲವಾ.’ ಕಿವಿಯೊಳಗೆ ಸದಾ ಗುಂಯ್ ಅನ್ನುವ ಸದ್ದು. ಎಷ್ಟು ವರ್ಷದಿಂದ ಅಂತ ಕೇಳಿದೆ. ನೀನು ಹೈಸ್ಕೂಲಿನಲ್ಲಿದ್ದಾಗಿನಿಂದ ಅಂದ. ನನ್ನ ಕಾಲೇಜು ಫೀಸಿನ ವರ್ಷಗಳೆಲ್ಲ ಅದರೊಳಗೆ ಬಂದವು. ಸವದತ್ತಿ ಬರುವ ತನಕ ನಾನು ಕಿಟಕಿಯ ಹೊರಗೆ ನೋಡಿದೆ.

ಇಂಜಿನಿಯರ್ ಅಲ್ಲವೇ, ಸುಮ್ಮನಿರುತ್ತೇನಾ? ಆಡಿಯೋಗ್ರಾಮಿನ ಅಂಕಿಗಳನ್ನು ಲ್ಯಾಪ್‌ಟಾಪಿಗೆ ಹಾಕಿ, ಆ ಹೊಂಡದ ಅಳತೆಗೆ ತಕ್ಕ ಈಕ್ವಲೈಜರ್ ಬರೆದೆ. ಎಲ್ಲಿ ಕೇಳಿಸುವುದಿಲ್ಲವೋ ಅಲ್ಲಿ ಏರಿಸುವುದು. ಹೆಡ್‌ಫೋನ್ ಹಾಕಿ ಶರೀಫರ ಪದ ಹಚ್ಚಿದೆ. ಅಪ್ಪ ಮುಖ ಕಿವುಚಿ ಕಿತ್ತುಹಾಕಿದ. ‘ತಗಡ ಕೆರದಂಗಾತು.’ ಆಡಿಯಾಲಜಿಸ್ಟ್ ಆಮೇಲೆ ವಿವರಿಸಿದರು: ಇಂಥ ಕಿವಿಗೆ ಮೆತ್ತನೆಯ ಸದ್ದು ಕೇಳಿಸುವುದೇ ಇಲ್ಲ, ಸ್ವಲ್ಪ ಜೋರಾದರೆ ತಟ್ಟನೆ ಕರ್ಕಶವಾಗುತ್ತದೆ, ನಡುವಿನ ಜಾಗ ಕಿರಿದಾಗಿರುತ್ತದೆ. ಶ್ರವಣಯಂತ್ರ ಆ ಕಿರಿದಾದ ಜಾಗಕ್ಕೆ ಸದ್ದನ್ನು ಹೊಂದಿಸುವ ಕೆಲಸ ಮಾಡುತ್ತದೆ. ಕೊಡಿಸಿದ್ದೇನೆ. ಮಾತಿಗೆ ಹಾಕಿಕೊಳ್ಳುತ್ತಾನೆ, ಅದೂ ಅವ್ವ ಬೈದರೆ. ಹಾಡಿಗೆ ಒಲ್ಲೆ ಅನ್ನುತ್ತಾನೆ. ಅದರಲ್ಲಿ ಹಾರ್ಮೋನಿಯಂ ಡಬ್ಬದೊಳಗೆ ಕೂತು ಅಳುತ್ತಿರುವ ಹಾಗೆ ಕೇಳಿಸುತ್ತದಂತೆ.

ಹೋದ ವರ್ಷ ಭಾರತ ಹುಣ್ಣಿಮೆಗೆ ಅವ್ವನ ಹರಕೆ ಅಂತ ಎಲ್ಲರೂ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋದೆವು. ಭಂಡಾರ, ಚಕ್ಕಡಿ, ಟ್ರ್ಯಾಕ್ಟರ್, ಉಧೋ ಉಧೋ, ಆ ಗದ್ದಲದಲ್ಲಿ ನಾನು ಅಪ್ಪನ ಕೈ ಹಿಡಿದುಕೊಂಡೇ ಇದ್ದೆ. ಒಂದು ಕಡೆ ಜೋಗತಿಯರು ಕೂತು ಪದ ಹೇಳುತ್ತಿದ್ದರು. ಒಬ್ಬರ ಬಗಲಲ್ಲಿ ಚೌಡಿಕೆ. ನೋಡದವರಿಗೆ: ಕಟ್ಟಿಗೆಯ ಕೊಳಗದಂಥದ್ದು, ಒಂದು ಬಾಯಿಗೆ ಚರ್ಮ, ಆ ಚರ್ಮದ ನಡುವಿನಿಂದ ಹೊರಟ ತಂತಿ ಪಕ್ಕದ ಕೋಲಿಗೆ ಬಿಗಿದಿರುತ್ತದೆ. ತಂತಿ ಮೀಟಿದರೆ ಚರ್ಮ ಗುಂಯ್‌ಗುಡುತ್ತದೆ. ಬಿಗಿ ಹೆಚ್ಚು ಕಡಿಮೆ ಮಾಡಿದರೆ ಸ್ವರ ಬಾಗುತ್ತದೆ, ಗಿಟಾರಿನ ತಂತಿ ಎಳೆದಾಗ ಬಾಗುವ ಹಾಗೆ. ಡಿಸ್ಟಾರ್ಷನ್ ಪೆಡಲ್ ಇಲ್ಲದ ಡಿಸ್ಟಾರ್ಷನ್.

ಅಪ್ಪ ನಿಂತುಬಿಟ್ಟ. ಹತ್ತಿರ ಹೋಗಿ ನೆಲಕ್ಕೆ ಕೂತ. ಹತ್ತು ನಿಮಿಷ ಆದ ಮೇಲೆ ನೋಡಿದರೆ ತೊಡೆಯ ಮೇಲೆ ಬೆರಳು ತಾಳ ಹಾಕುತ್ತಿವೆ, ಒಂದೂ ತಪ್ಪಿಲ್ಲ.

‘ಕೇಳಸತೈತೇನಪಾ?’ ಅಂದೆ.

‘ಪದ ಕೇಳಸವಲ್ದು. ಇದು ಎದಿಗೆ ಬಡ್ಯಾಕತ್ತೈತಿ.’

ನನ್ನ ತಲೆಯಲ್ಲಿ ಆಡಿಯೋಗ್ರಾಮಿನ ಎಡಭಾಗ ಹೊಳೆಯಿತು. ಅಲ್ಲಿ ಅವನ ಕಿವಿ ಇನ್ನೂ ಚೆನ್ನಾಗಿದೆ. ಬೇಸ್ ಗಿಟಾರಿನ ಕೊನೆಯ ತಂತಿ ಸುಮಾರು 41 ಹರ್ಟ್ಸ್; ಅಷ್ಟು ಕೆಳಗಿನದನ್ನು ಕಿವಿಯಷ್ಟೇ ಮೈಯೂ ಕೇಳುತ್ತದೆ. ಮನೆಗೆ ಬಂದು ನನ್ನ ಬ್ಲೂಟೂತ್ ಸ್ಪೀಕರನ್ನು ಅಪ್ಪನ ಕಟ್ಟಿಗೆ ಮಂಚದ ಮೇಲೆಯೇ ಇಟ್ಟೆ. ಮೊದಲು ರಘು ದೀಕ್ಷಿತ್. ಆಮೇಲೆ ಸ್ವರಾತ್ಮ. ಅಪ್ಪ ಅಂಗೈಯನ್ನು ಮಂಚದ ಹಲಗೆಗೆ ಒತ್ತಿ ಹಿಡಿದು ಕೂತ. ‘ಲೋಕದ ಕಾಳಜಿ’ ಬಂದಾಗ ಗುರುತು ಹಿಡಿದ. ಪದ ಕೇಳಿಸಿದ್ದಕ್ಕಲ್ಲ, ನಡಿಗೆಯಿಂದ. ಹತ್ತು ವರ್ಷದ ಹಿಂದೆ ಪುರಸೊತ್ತು ಕೊಡುವುದಿಲ್ಲ ಅಂತ ದೂರಿದ್ದ ಅದೇ ನಡಿಗೆ. ತಾನೇ ಬಾಯಿ ಹಾಕಿದ. ಶ್ರುತಿ ಎಲ್ಲೋ ಇತ್ತು, ಲಯ ಅಂಚು ತಪ್ಪಲಿಲ್ಲ. ಅಡುಗೆಮನೆಯಿಂದ ಅವ್ವ ಸೌಟು ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತಳು.

ಈಗ ಸೋಮವಾರ ಮತ್ತೆ ಗುಡಿಗೆ ಹೋಗುತ್ತಾನೆ. ಮುಂದೆ ಕೂತು ಹಾಡುವುದಿಲ್ಲ, ದಮ್ಮಡಿ ಹಿಡಿಯುತ್ತಾನೆ. ಅದರ ಗೆಜ್ಜೆಯ ಝಲ್ ಅವನಿಗೆ ಕೇಳಿಸುವುದಿಲ್ಲ. ಚರ್ಮಕ್ಕೆ ಬಿದ್ದ ಪೆಟ್ಟು ಕೈಗೆ ಗೊತ್ತಾಗುತ್ತದೆ, ಸಾಕಂತೆ. ನಕ್ಕಿದ್ದ ಹುಡುಗರಲ್ಲಿ ಒಬ್ಬ ಈಗ ಅವನ ಹತ್ತಿರ ಪದ ಬರೆಸಿಕೊಳ್ಳುತ್ತಾನೆ.

ಮೊನ್ನೆ ಫೋನ್ ಮಾಡಿದಾಗ ಅವ್ವ ಎತ್ತಿದಳು, ಹಿಂದೆ ಏನೋ ಗುಡುಗುಡು. ‘ನೀ ಕೊಟ್ಟು ಹೋದ ಡಬ್ಬಿ ಹಚ್ಚಿಕೊಂಡು ಕುಂತಾನ ನೋಡವಾ, ಮನಿ ಅನ್ನೂದು ಶೆಡ್ ಆಗೈತಿ. ನಿನ್ನ ಹೊಟ್ಟಿಬ್ಯಾನಿ ಹುಡುಗನ್ನೂ ಹಚ್ಚತಾನ’ ಅಂದಳು. ಆಮೇಲೆ ಅಪ್ಪ ಫೋನ್ ಇಸಿದುಕೊಂಡು, ಕೇಳಿಸದವರು ಮಾತಾಡುವಂತೆ ದೊಡ್ಡ ದನಿಯಲ್ಲಿ ಹೇಳಿದ:

‘ಬರೂವಾಗ ಇದಕ್ಕಿಂತ ದೊಡ್ಡದು ತಗೊಂಡ ಬಾ. ಇದು ಮಂಚದ ಈ ಕಡಿಗಷ್ಟ ಬರತೈತಿ.’